ಕರೆಯೋಲೆ ಬಂದ ಹನ್ನೆರಡು ತಂಡಗಳು

2025ರ ಜುಲೈ ತಿಂಗಳ ಒಂದು ಸಂಜೆ. ದುರ್ಗಿಗುಡಿಯ ನಮ್ಮ ಮನೆಯಲ್ಲಿ ದೀಪ ಹಚ್ಚಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಹೊರಗೆ ಮಳೆ ಹಿಡಿದುಕೊಂಡಿತ್ತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಶಾಲೆಯ ಚೀಲದಿಂದ ಮಡಿಚಿದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು. ಬಾಲಕಿಯರ ಫುಟ್‌ಬಾಲ್ ಪಂದ್ಯಾವಳಿಗೆ ಅವರ ತಂಡವನ್ನು ಆಹ್ವಾನಿಸಿ ಬಂದ ಪತ್ರದ ಪ್ರತಿ ಅದು. ಬಯಲುಸೀಮೆಯ ಒಂದು ಊರಿನಲ್ಲಿ ಮೂರು ದಿನಗಳ ಆಟ; ಎರಡು ರಾತ್ರಿ ಹೊರಗೆ ತಂಗಬೇಕು. ಕೊನೆಯಲ್ಲಿ ಪೋಷಕರ ಒಪ್ಪಿಗೆಯ ಸಹಿಗೆಂದು ಬಿಟ್ಟ ಒಂದು ಗೆರೆ.

"ಅಪ್ಪ ನಿಮ್ಮನ್ನು ಕೇಳು ಅಂದರು ಅಜ್ಜ. ಅಮ್ಮ ಅಜ್ಜಿಯನ್ನು ಕೇಳು ಅಂದಳು. ಅಜ್ಜಿ ಪೂಜೆಗೆ ಕೂತಿದ್ದಾರೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ನಿಂತಳು.

ಪೂಜೆ ಮುಗಿಸಿ ಬಂದ ನನ್ನ ಪತ್ನಿ, ಬಿದ್ದು ಕೈಕಾಲು ಮುರಿದುಕೊಂಡರೆ ಮುಂದೆ ಏನು ಗತಿ ಎಂದರು. ಮಗ ಮಾತನಾಡಲಿಲ್ಲ. ಸೊಸೆ ಮಾತ್ರ ಕೇಳಬೇಕಾದ ಪ್ರಶ್ನೆಯನ್ನು ಕೇಳಿದಳು: ಜೊತೆಗೆ ಹೋಗುವ ಶಿಕ್ಷಕಿ ಯಾರು, ಮಕ್ಕಳು ಮಲಗುವುದು ಎಲ್ಲಿ? ಎಲ್ಲರ ಕಣ್ಣೂ ಕಡೆಗೆ ನನ್ನ ಮೇಲೆ ಬಂದು ನಿಂತಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೂ ಅಂದು ನನಗೆ ಉತ್ತರ ಹೊಳೆಯಲಿಲ್ಲ. 'ನಾಳೆ ನೋಡೋಣ' ಎಂದುಬಿಟ್ಟೆ. ಹಾಗೆ ಹೇಳಲು ಮಳೆಯಾಗಲಿ ದೂರವಾಗಲಿ ಕಾರಣವಾಗಿರಲಿಲ್ಲ. ನಲವತ್ತೈದು ವರ್ಷಗಳ ಹಿಂದಿನ ಒಂದು ಸಂಗತಿ ಆ ಕಾಗದದೊಂದಿಗೆ ಎದ್ದು ಬಂದಿತ್ತು.

1980ರ ಜನವರಿಯಲ್ಲಿ ನನಗೆ ಹದಿನೆಂಟು ವರ್ಷ. ನನ್ನ ತಂಗಿಗೆ ಹದಿನಾಲ್ಕು. ಆ ತಿಂಗಳು ಕೇರಳದ ಕೋಳಿಕ್ಕೋಡಿನಲ್ಲಿ ಏಷ್ಯಾದ ಮಹಿಳೆಯರ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಆತಿಥೇಯ ಭಾರತವು ದಕ್ಷಿಣ, ಉತ್ತರ ಎಂದು ಎರಡು ತಂಡಗಳನ್ನು ಕಣಕ್ಕಿಳಿಸಿತ್ತು. ದಕ್ಷಿಣದ ತಂಡವು ಅಂತಿಮ ಪಂದ್ಯದವರೆಗೆ ಬಂದು ತೈವಾನಿಗೆ 0–2ರಲ್ಲಿ ಸೋತಿತು. ಹೆಂಗಸರು ಕಾಲ್ಚೆಂಡು ಆಡುತ್ತಾರೆ ಎಂಬುದೇ ನಮ್ಮ ಓಣಿಗೆ ಹೊಸ ಸುದ್ದಿ. ದಿನಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಬಂದಿದ್ದ ನಾಲ್ಕು ಸಾಲಿನ ವರದಿಯನ್ನು ತಂಗಿ ಕತ್ತರಿಸಿ ತನ್ನ ಸಮಾಜಶಾಸ್ತ್ರದ ನೋಟುಪುಸ್ತಕದ ಕೊನೆಯ ಹಾಳೆಗೆ ಅನ್ನದ ಅಗುಳಿನಿಂದ ಅಂಟಿಸಿಕೊಂಡಳು.

ಆ ವರ್ಷದ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಭದ್ರಾವತಿಯ ಸೋದರಮಾವನ ಮನೆಗೆ ಹೋದೆವು. ಮಾವ ಕಾರ್ಖಾನೆಯ ನೌಕರರು. 1923ರಿಂದ ಕಬ್ಬಿಣ ತಯಾರಿಸುತ್ತ ಬಂದ ಆ ಕಾರ್ಖಾನೆಯ ಸುತ್ತ ನಾಲ್ಕಾರು ಭಾಷೆಯ ಜನ ನೆಲೆಸಿದ್ದರು. ಅವರ ಮಕ್ಕಳೆಲ್ಲ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಸಂಜೆ ಚೆಂಡು ಒದೆಯುತ್ತಿದ್ದರು. ಮಾವನ ಮಕ್ಕಳ ಜೊತೆ ತಂಗಿಯೂ ಇಳಿದಳು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರೆ ಹುಡುಗರೇ ಹಿಂದೆ ಬೀಳುತ್ತಿದ್ದರು. ಅದನ್ನು ನೋಡಿ ನಾನು ಹೆಮ್ಮೆಪಡಬೇಕಾಗಿತ್ತು. ಮೈದಾನದ ಅಂಚಿನಲ್ಲಿ ನಿಂತು ಯಾರೋ ಇಬ್ಬರು ನಕ್ಕರೆಂದು ನಾಚಿಕೆಪಟ್ಟೆ. ಶಿವಮೊಗ್ಗೆಗೆ ಹಿಂದಿರುಗಿದ ಮೇಲೆ ತಂದೆಯವರಿಗೆ ಈ ವಿಷಯ ಹೇಳಿದವನು ನಾನೇ.

ತಂದೆಯವರು ಅವಳನ್ನು ಗದರಲಿಲ್ಲ, ಒಂದು ಮಾತೂ ಆಡಲಿಲ್ಲ. ಮುಂದಿನ ರಜೆಯಲ್ಲಿ ಅವಳನ್ನು ಭದ್ರಾವತಿಗೆ ಕಳುಹಿಸದೆ ಹಳ್ಳಿಯ ಅತ್ತೆಯ ಮನೆಗೆ ಕಳುಹಿಸಿದರು, ಅಷ್ಟೆ. ಆ ನೋಟುಪುಸ್ತಕ ಯಾವುದೋ ಒಂದು ವರ್ಷ ರದ್ದಿಯವನ ತಕ್ಕಡಿ ಸೇರಿತು.

ನಮ್ಮ ಮನೆಯ ಈ ಕಥೆಯಂಥದೇ ಕಥೆಗಳು ಜಗತ್ತಿನ ಎಷ್ಟು ಮನೆಗಳಲ್ಲಿ, ಅಷ್ಟೇಕೆ ಎಷ್ಟು ಸರ್ಕಾರಗಳಲ್ಲಿ ನಡೆದಿವೆ ಎಂಬುದು ಮುಂದೆ ಓದಿದಾಗ ತಿಳಿಯಿತು. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ತಂಡವೊಂದರ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ಬಾಗಿಲು ಮತ್ತೆ ತೆರೆಯಲು ಐವತ್ತು ವರ್ಷ ಬೇಕಾಯಿತು. ಪಶ್ಚಿಮ ಜರ್ಮನಿ 1955ರಿಂದ 1970ರವರೆಗೆ ನಿಷೇಧ ಹೇರಿತ್ತು. ಫುಟ್‌ಬಾಲನ್ನೇ ಉಸಿರಾಡುವ ಬ್ರೆಜಿಲಿನಲ್ಲಿಯೂ 1941ರಿಂದ 1979ರವರೆಗೆ ಹೆಣ್ಣುಮಕ್ಕಳು ಚೆಂಡು ಒದೆಯುವುದು ಕಾನೂನಿಗೆ ವಿರೋಧವಾಗಿತ್ತು. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. ತಂಗಿಯ ವಿಷಯದಲ್ಲಿ ಕಾನೂನಿನ ಕೆಲಸವನ್ನು ಅಣ್ಣನೇ ಮಾಡಿದ್ದ.

ಜನರಿಗೆ ಈ ಆಟ ಬೇಡವಾಗಿತ್ತೆಂದು ಮಾತ್ರ ಯಾರೂ ಹೇಳುವಂತಿಲ್ಲ. 1971ರಲ್ಲಿ ಮೆಕ್ಸಿಕೋದಲ್ಲಿ ವ್ಯಾಪಾರಿಗಳು ಸೇರಿ ಮಹಿಳೆಯರ ಜಾಗತಿಕ ಪಂದ್ಯಾವಳಿಯೊಂದನ್ನು ನಡೆಸಿದರು. ವಿಶ್ವ ಫುಟ್‌ಬಾಲಿನ ಆಡಳಿತ ಸಂಸ್ಥೆಯಾದ ಫೀಫಾ ಅದನ್ನು ಮಾನ್ಯ ಮಾಡಲಿಲ್ಲ. ಆದರೆ ಅಜ್ಟೆಕಾ ಕ್ರೀಡಾಂಗಣದ ಅಂತಿಮ ಪಂದ್ಯಕ್ಕೆ ಬಂದವರು ಸುಮಾರು ಒಂದು ಲಕ್ಷ ಹತ್ತು ಸಾವಿರ ಜನ! ಡೆನ್ಮಾರ್ಕಿನ ಹದಿನೈದು ವರ್ಷದ ಬಾಲೆ ಸುಸಾನ್ ಆಗಸ್ಟೆಸೆನ್ ಮೂರು ಗೋಲು ಹೊಡೆದು ತನ್ನ ದೇಶವನ್ನು ಗೆಲ್ಲಿಸಿದಳು. ಇಷ್ಟಾದರೂ ಆ ಆಟ ದಾಖಲೆಯ ಪುಸ್ತಕಗಳಿಂದ ಬಹುಕಾಲ ಹೊರಗೇ ಉಳಿಯಿತು.

ಬಾಗಿಲು ತೆರೆದ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಪಾತ್ರ ನಾರ್ವೆಯ ಎಲ್ಲೆನ್ ವಿಲ್ಲೆ ಅವರದು. ಎತ್ತರದಲ್ಲಿ ಬಹಳ ಚಿಕ್ಕವರಾದ ಈ ಮಹಿಳೆ 1986ರಲ್ಲಿ ಮೆಕ್ಸಿಕೋ ನಗರದಲ್ಲಿ ಸೇರಿದ್ದ ಫೀಫಾದ ಮಹಾಸಭೆಯಲ್ಲಿ ಎದ್ದು ನಿಂತರು. ಆ ಸಭೆಯಲ್ಲಿ ಅದುವರೆಗೆ ಯಾವ ಮಹಿಳೆಯೂ ಮಾತನಾಡಿರಲಿಲ್ಲ. ವರದಿಯ ಪುಟಗಳಲ್ಲಿ ಮಹಿಳೆಯರ ಆಟಕ್ಕೆ ಅರ್ಧ ಪುಟವಷ್ಟೇ ಮೀಸಲಾಗಿರುವುದನ್ನು ಎತ್ತಿ ತೋರಿಸಿ, ಹೆಣ್ಣುಮಕ್ಕಳಿಗೂ ವಿಶ್ವಕಪ್ ಬೇಕು, ಒಲಿಂಪಿಕ್ಸಿನಲ್ಲಿ ಸ್ಥಾನ ಬೇಕು ಎಂದು ನೇರವಾಗಿ ಕೇಳಿದರು. ಅಂದಿನ ಅಧ್ಯಕ್ಷ ಜೋವಾವೊ ಹ್ಯಾವಲಾಂಜ್ ಅವರು ಒಪ್ಪಿದರು. ಒಪ್ಪಿದರೇನು, ಸಂಸ್ಥೆಗೆ ಇನ್ನೂ ಅನುಮಾನ. ಜನ ಬರುವರೋ ಇಲ್ಲವೋ, ತಂಡಗಳ ಮಟ್ಟ ಹೇಗಿದೆಯೋ? ಮೊದಲು ಒಂದು ಪರೀಕ್ಷೆ ನಡೆಯಲಿ ಎಂದು ತೀರ್ಮಾನವಾಯಿತು. ಆ ಪರೀಕ್ಷೆಯೇ 1988ರ ಜೂನ್ 1ರಿಂದ 12ರವರೆಗೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಆಹ್ವಾನಿತ ಪಂದ್ಯಾವಳಿ.

ಆಹ್ವಾನ ಹೋದದ್ದು ಹನ್ನೆರಡು ದೇಶಗಳಿಗೆ. ಯುರೋಪಿನಿಂದ ನಾರ್ವೆ, ಸ್ವೀಡನ್, ನೆದರ್‌ಲೆಂಡ್ಸ್, ಚೆಕೊಸ್ಲೊವಾಕಿಯಾ, ಅಮೆರಿಕದ ಕಡೆಯಿಂದ ಸಂಯುಕ್ತ ಸಂಸ್ಥಾನ, ಕೆನಡಾ, ಬ್ರೆಜಿಲ್, ಆಫ್ರಿಕಾದಿಂದ ಐವರಿ ಕೋಸ್ಟ್, ಆಸ್ಟ್ರೇಲಿಯಾ, ಏಷ್ಯಾದಿಂದ ಆತಿಥೇಯ ಚೀನಾ, ಜಪಾನ್ ಮತ್ತು ಥಾಯ್ಲೆಂಡ್.

ಮೊದಲ ಪಂದ್ಯದಲ್ಲಿ ಚೀನಾ ಕೆನಡಾವನ್ನು 2–0ರಲ್ಲಿ ಸೋಲಿಸಿದಾಗ ಸುತ್ತ 45,000 ಪ್ರೇಕ್ಷಕರಿದ್ದರು. ಫೀಫಾದ ಅರ್ಧ ಅನುಮಾನ ಅಂದೇ ಕರಗಿರಬೇಕು. ಬ್ರೆಜಿಲಿನ ಹುಡುಗಿಯರು ಆಡಿದ್ದು ಪುರುಷರ ತಂಡ ಬಳಸಿ ಬಿಟ್ಟ ಅಂಗಿಗಳನ್ನು ತೊಟ್ಟು. ತೋಳು ಮೊಣಕೈ ದಾಟಿ ಜೋಲುತ್ತಿತ್ತು. ಅಣ್ಣನ ಅಂಗಿಯನ್ನು ತಂಗಿಗೆ ತೊಡಿಸುವ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ ಎಂದು ಇದನ್ನು ಓದಿದಾಗ ನನಗೆ ನಗು ಬಂದಿತು. ಅದೇ ಅಂಗಿಯಲ್ಲಿ ಅವರು ಗುಂಪಿನ ಹಂತದಲ್ಲಿ ನಾರ್ವೆಯನ್ನು 2–1ರಲ್ಲಿ ಮಣಿಸಿದರು, ಥಾಯ್ಲೆಂಡಿನ ಮೇಲೆ ಒಂಬತ್ತು ಗೋಲು ಸುರಿದರು, ಆದರೆ ಆಸ್ಟ್ರೇಲಿಯಾದೆದುರು ಒಂದು ಗೋಲಿನಿಂದ ಸೋತರು. ಉಪಾಂತ್ಯದಲ್ಲಿ ನಾರ್ವೆ ಸೇಡು ತೀರಿಸಿಕೊಂಡಿತು. ಗ್ವಾಂಗ್‌ಝೌ ನಗರದ ಅಂತಿಮ ಪಂದ್ಯದಲ್ಲಿ ನೆರೆಹೊರೆಯ ನಾರ್ವೆ, ಸ್ವೀಡನ್ ಎದುರು ಬದುರಾದವು. ಲಿಂಡಾ ಮೆಡಾಲೆನ್ ಹೊಡೆದ ಒಂದೇ ಗೋಲಿನಿಂದ ನಾರ್ವೆ ಗೆದ್ದಿತು. ಮೂರನೆಯ ಸ್ಥಾನಕ್ಕಾಗಿ ಚೀನಾ ಮತ್ತು ಬ್ರೆಜಿಲ್ ಗೋಲಿಲ್ಲದೆ ಸೆಣಸಿ, ಪೆನಾಲ್ಟಿ ಒದೆತಗಳಲ್ಲಿ ಬ್ರೆಜಿಲ್ ಮೇಲುಗೈ ಪಡೆಯಿತು.

ಪಂದ್ಯಾವಳಿ ಮುಗಿದ ಅದೇ ತಿಂಗಳಲ್ಲಿ, ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ನಡೆಸಲು ಫೀಫಾ ಒಪ್ಪಿಗೆ ಕೊಟ್ಟಿತು. 1991ರ ನವೆಂಬರಿನಲ್ಲಿ ಅದೇ ಗ್ವಾಂಗ್‌ಡಾಂಗಿನಲ್ಲಿ ಅದು ನಡೆದು, ಅಮೆರಿಕ ನಾರ್ವೆಯನ್ನು 2–1ರಿಂದ ಸೋಲಿಸಿತು. ಆಗಲೂ 'ವಿಶ್ವಕಪ್' ಎಂಬ ಹೆಸರನ್ನು ಕೊಡಲು ಸಂಸ್ಥೆಗೆ ಧೈರ್ಯ ಸಾಲಲಿಲ್ಲ. ಪಂದ್ಯಗಳನ್ನು ತೊಂಬತ್ತು ನಿಮಿಷಗಳ ಬದಲು ಎಂಬತ್ತು ನಿಮಿಷಗಳಿಗೆ ಇಳಿಸಲಾಗಿತ್ತು. ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾಟಿ ಮಾಡುವ ನಮ್ಮ ಮಲೆನಾಡಿನ ತಾಯಂದಿರಿಗೆ ಈ ಹತ್ತು ನಿಮಿಷಗಳ ರಿಯಾಯಿತಿಯ ವಿಷಯ ತಿಳಿಸಿದರೆ ಏನೆಂದಾರು?

ಇನ್ನು ನಮ್ಮ ದೇಶದ ಮಾತು. ಮೇಲಿನ ಹನ್ನೆರಡರ ಪಟ್ಟಿಯಲ್ಲಿ ಭಾರತದ ಹೆಸರಿಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಹೀಗಾದದ್ದು ಆಟ ಬಾರದ್ದರಿಂದ ಅಲ್ಲ. 1975ರಲ್ಲಿಯೇ ಇಲ್ಲಿ ಮಹಿಳಾ ಫುಟ್‌ಬಾಲ್ ಒಕ್ಕೂಟ ಹುಟ್ಟಿತ್ತು. 1980ರಲ್ಲಿ ಕೋಳಿಕ್ಕೋಡಿನಲ್ಲಿ ಏಷ್ಯಾದಲ್ಲಿ ಎರಡನೆಯವರು; 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯವರು; 1983ರಲ್ಲಿ ಬ್ಯಾಂಕಾಕಿನಲ್ಲಿ ಅಂತಿಮ ಪಂದ್ಯದಲ್ಲಿ ಥಾಯ್ಲೆಂಡಿಗೆ 0–3ರಿಂದ ಸೋತು ಮತ್ತೆ ಎರಡನೆಯವರು. ಬಂಗಾಳದ ಶಾಂತಿ ಮಲ್ಲಿಕ್ ಅವರು 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿಯಾದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರು ಆ ಕಾಲದಲ್ಲಿ ಕರ್ನಾಟಕದಿಂದ ಹೋಗಿ ದೇಶಕ್ಕಾಗಿ ಆಡಿದವರು. ಚೀನಾ ಆಗ ಇನ್ನೂ ಏಷ್ಯಾದ ಈ ಕಣಕ್ಕೆ ಇಳಿದಿರಲಿಲ್ಲ, ಆದುದರಿಂದ ಪೈಪೋಟಿ ಸುಲಭವಾಗಿತ್ತು ಎಂದು ಯಾರಾದರೂ ಹೇಳಿದರೆ ಅದೂ ನಿಜವೇ. ಆದರೂ ಸಾಲಿನ ಮುಂದೆ ನಿಂತಿದ್ದವರು ನಾವು.

1986ರ ಏಷ್ಯಾ ಪಂದ್ಯಾವಳಿಗೆ ಭಾರತ ಹೋಗಲೇ ಇಲ್ಲ. ಚೀನಾ ಮೊದಲ ಬಾರಿಗೆ ಬಂದು ಗೆದ್ದಿತು; ಜಪಾನ್, ಥಾಯ್ಲೆಂಡ್ ಅದರ ಹಿಂದೆ ನಿಂತವು. ಎರಡು ವರ್ಷಗಳ ನಂತರ ಗ್ವಾಂಗ್‌ಡಾಂಗಿನ ಅಂಗಳದಲ್ಲಿ ಏಷ್ಯಾದ ಪರವಾಗಿ ಕಾಣಿಸಿಕೊಂಡವೂ ಇದೇ ಮೂರು ದೇಶಗಳು. 1989, 1991, 1993ರಲ್ಲಿಯೂ ನಮ್ಮ ತಂಡ ಏಷ್ಯಾದ ಮೈದಾನದಲ್ಲಿ ಕಾಣಿಸಲಿಲ್ಲ, ಮರಳಿದ್ದು 1995ರಲ್ಲಿ. ಹನ್ನೆರಡು ವರ್ಷ! ಒಬ್ಬ ಆಟಗಾರ್ತಿಯ ಇಡೀ ಆಯುಷ್ಯವೇ ಅಷ್ಟು. 1983ರಲ್ಲಿ ಹದಿನೇಳು ವರ್ಷದವಳಾಗಿದ್ದ ಹುಡುಗಿ 1995ಕ್ಕೆ ಇಪ್ಪತ್ತೊಂಬತ್ತರ ಗೃಹಿಣಿ. ಪುರುಷರಿಗಾದರೆ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳ ತಂಡಗಳಿದ್ದವು, ಆಟದ ಬಲದಿಂದ ನೌಕರಿ ಸಿಗುತ್ತಿತ್ತು. ಹೆಣ್ಣುಮಗಳು ಯಾವ ಭರವಸೆಯ ಮೇಲೆ ಆಡುತ್ತ ಉಳಿಯಬೇಕಾಗಿತ್ತು? 1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾ ನಮ್ಮ ಮೇಲೆ ಹದಿನಾರು ಗೋಲು ಹೊಡೆಯಿತು. ನಮ್ಮಿಂದ ಒಂದೂ ಇಲ್ಲ. ಹದಿನೈದು ವರ್ಷಗಳ ಹಿಂದೆ ಅದೇ ನಗರದಲ್ಲಿ ನಾವು ಏಷ್ಯಾದ ಅಂತಿಮ ಪಂದ್ಯ ಆಡಿದ್ದೆವು.

ಕರೆಸಿಕೊಂಡವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1988ರಲ್ಲಿ ಜಪಾನ್ ಮೊದಲ ಹಂತದಲ್ಲಿಯೇ ಹೊರಬಿದ್ದಿತ್ತು. ಭಾರತ ಮೂರನೆಯ ಸ್ಥಾನ ಪಡೆದ 1981ರ ಹಾಂಗ್‌ಕಾಂಗ್ ಪಂದ್ಯಾವಳಿಯಲ್ಲಿ ಜಪಾನಿನ ಮಹಿಳೆಯರು ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದವರು. ಅವರು ಸೋತರೂ ಬರುತ್ತಲೇ ಇದ್ದರು. 2011ರಲ್ಲಿ ಜರ್ಮನಿಯಲ್ಲಿ ಅಮೆರಿಕವನ್ನು ಮಣಿಸಿ ವಿಶ್ವಕಪ್ ಎತ್ತಿದರು. ಒಂಬತ್ತು ಗೋಲು ತಿಂದ ಥಾಯ್ಲೆಂಡ್ 2015 ಮತ್ತು 2019ರ ವಿಶ್ವಕಪ್‌ಗಳಲ್ಲಿ ಆಡಿತು. ನಾರ್ವೆ 1995ರಲ್ಲಿ ವಿಶ್ವಕಪ್ಪನ್ನೂ 2000ದಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದಿತು. ಹಳೆಯ ಅಂಗಿ ತೊಟ್ಟು ಬಂದಿದ್ದ ಬ್ರೆಜಿಲಿಗೆ 2027ರ ಮಹಿಳಾ ವಿಶ್ವಕಪ್ಪಿನ ಆತಿಥ್ಯವೇ ದೊರೆತಿದೆ. ಇವರಲ್ಲಿ ಯಾರೂ ಕಲಿತು ಬಂದವರಲ್ಲ, ಬಂದು ಕಲಿತವರು.

ನಮ್ಮಲ್ಲಿಯೂ ಗಾಳಿ ತಿರುಗಿದೆ ಎನ್ನಬೇಕು. ಮಣಿಪುರದ ಬೆಂಬೆಮ್ ದೇವಿ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಣ್ಣುಮಕ್ಕಳು 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯದವರೆಗೆ ಹೋದರು. 2022ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ನಮ್ಮ ದೇಶದಲ್ಲಿಯೇ ನಡೆಯಿತು. ಭಾರತ ತಂಡದ ನಾಯಕಿ ಅಸ್ತಮ್ ಉರಾಂವ್ ಝಾರ್ಖಂಡದ ಗುಮ್ಲಾ ಜಿಲ್ಲೆಯ ಬಡ ಮನೆಯ ಹುಡುಗಿ. ಅವಳ ಗೌರವಾರ್ಥ ಸರ್ಕಾರ ಅವಳ ಊರಿಗೆ ರಸ್ತೆ ಹಾಕಿಸಿದಾಗ, ಆ ರಸ್ತೆಯಲ್ಲಿ ದಿನಗೂಲಿಗೆ ಮಣ್ಣು ಹೊತ್ತವರು ಅವಳ ತಂದೆತಾಯಿಯೇ! ಮೂರು ಪಂದ್ಯಗಳಲ್ಲಿ ಅಮೆರಿಕ ಎಂಟು, ಮೊರೊಕ್ಕೊ ಮೂರು, ಬ್ರೆಜಿಲ್ ಐದು ಗೋಲು ಹೊಡೆದು ನಮ್ಮ ಮಕ್ಕಳನ್ನು ಸೋಲಿಸಿದವು. ಪತ್ರಿಕೆಗಳಲ್ಲಿ ಕೆಲವರು ನಕ್ಕರು. ಗ್ವಾಂಗ್‌ಡಾಂಗಿನಲ್ಲಿ ಒಂಬತ್ತು ಗೋಲು ತಿಂದವರ ಸಂಗತಿ ಅವರಿಗೆ ತಿಳಿದಿರಲಾರದು.

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಭಾರತದ ಮಹಿಳೆಯರು ಆತಿಥೇಯರನ್ನೇ 2–1ರಿಂದ ಸೋಲಿಸಿ 2026ರ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆದರು. ಎರಡು ಗೋಲನ್ನೂ ಹೊಡೆದವಳು ಬಂಗಾಳದ ಸಂಗೀತಾ ಬಾಸ್ಫೋರ್. ಅರ್ಹತಾ ಪಂದ್ಯಗಳನ್ನು ಗೆದ್ದು ನಮ್ಮವರು ಆ ಬಾಗಿಲು ದಾಟಿದ್ದು ಅದೇ ಮೊದಲು. ಮೊಮ್ಮಗಳು ಆ ಪಂದ್ಯದ ಗೋಲುಗಳನ್ನು ಮೊಬೈಲಿನಲ್ಲಿ ಹತ್ತಾರು ಸಲ ನೋಡಿದ್ದಳು. ಅದಾದ ಕೆಲವೇ ದಿನಗಳಿಗೆ ಅವಳು ಕಾಗದ ಹಿಡಿದು ನನ್ನ ಮುಂದೆ ನಿಂತದ್ದು.

ಮರುದಿನ ಅವಳನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ತಂಗಿಯನ್ನು ಮದುವೆ ಮಾಡಿಕೊಟ್ಟಿರುವುದು ಅದೇ ಊರಿಗೆ; ಈಗ ಅವಳೂ ಅಜ್ಜಿ. ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಚಹಾ ಎಲ್ಲ ಆದ ಮೇಲೆ ನಾನು ಕಾಗದವನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಹಳೆಯದನ್ನು ಎತ್ತಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಆ ವರ್ಷ ಅಪ್ಪನಿಗೆ ಹೇಳಿದವನು ನಾನೇ ಕಣವ್ವ" ಎಂದೆ.

"ಗೊತ್ತಿತ್ತು ಬಿಡಣ್ಣ" ಎಂದಳು. "ಆವತ್ತು ನೀನು ಊಟಕ್ಕೆ ಕೂತಾಗ ನನ್ನ ಮುಖ ನೋಡಲಿಲ್ಲ. ಅವಾಗಲೇ ಗೊತ್ತಾಯ್ತು."

ಅಷ್ಟು ಹೇಳಿ ಮೊಮ್ಮಗಳ ಕಡೆ ತಿರುಗಿ, "ಎಲ್ಲಿ ಆಡ್ತೀಯೇ, ಮುಂದೋ ಹಿಂದೋ?" ಎಂದು ಕೇಳಿದಳು. ಹುಡುಗಿ ಎಡಗಡೆಯ ಅಂಚಿನಲ್ಲಿ ಎಂದಳು. "ಎಡಗಾಲಲ್ಲಿ ಒದೆಯೋಕೆ ಬರುತ್ತಾ?" ಬರುವುದಿಲ್ಲವೆಂದು ಒಪ್ಪಿಕೊಂಡಳು. "ಮತ್ತೆ ಅಲ್ಲಿ ನಿಂತು ಏನು ಮಾಡ್ತೀಯ!" ಎಂದು ತಂಗಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಹಿತ್ತಿಲಿನ ಗೋಡೆಗೆ ಮೊಮ್ಮಕ್ಕಳ ಪ್ಲಾಸ್ಟಿಕ್ ಚೆಂಡನ್ನು ಒದ್ದು ತೋರಿಸಿದಳು. ಮೊದಲ ಒದೆತ ಪಕ್ಕದ ಬಾಳೆಗಿಡಕ್ಕೆ ಬಿದ್ದಿತು. ಎರಡನೆಯದು ಗೋಡೆಗೇ ಬಿದ್ದಿತು.

ಒಪ್ಪಿಗೆಯ ಗೆರೆಯ ಮೇಲೆ ಸೊಸೆ ಸಹಿ ಮಾಡಿದಳು. ಶಿಕ್ಷಕಿಯನ್ನು ಕಂಡು, ಮಲಗುವ ವ್ಯವಸ್ಥೆ ವಿಚಾರಿಸಿಕೊಂಡು ಬಂದ ಮೇಲೆಯೇ. ಮಕ್ಕಳೊಂದಿಗೆ ಮನೆಯ ಹೆಂಗಸರೊಬ್ಬರು ಸ್ವಂತ ಖರ್ಚಿನಲ್ಲಿ ಬರಬಹುದೆಂದು ಪತ್ರದಲ್ಲಿ ಬರೆದಿತ್ತು. ಭದ್ರಾವತಿಯಿಂದ ತಂಗಿ ತಾನು ಹೋಗುವುದಾಗಿ ಫೋನ್ ಮಾಡಿದಳು. ಯಾರೂ ಅವಳನ್ನು ಕೇಳಿರಲಿಲ್ಲ. ನೆಹರೂ ರಸ್ತೆಯ ಅಂಗಡಿಯಲ್ಲಿ ಅಡಿಯಲ್ಲಿ ಗುಬುಟುಗಳಿರುವ ಬೂಟು ಕೊಂಡೆವು. ಅಂಗಡಿಯವನು ಹುಡುಗಿಯರ ಅಳತೆಯದಿಲ್ಲ, ಹುಡುಗರದೇ ಒಂದು ಅಳತೆ ಚಿಕ್ಕದು ಕೊಡುತ್ತೇನೆ ಎಂದ. ತುದಿಗೆ ಸ್ವಲ್ಪ ಹತ್ತಿ ತುರುಕಿ ಸರಿಮಾಡಿಕೊಂಡಳು.

ತಂಡ ಎರಡು ಪಂದ್ಯ ಸೋತು, ಒಂದರಲ್ಲಿ ಸಮ ಮಾಡಿಕೊಂಡು ಹಿಂದಿರುಗಿತು. ಮೊಮ್ಮಗಳ ಮೊಣಕಾಲು ತರಚಿತ್ತು. ಜೊತೆಗೆ ಹೋದ ಅಜ್ಜಿಯ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು. ಈಗ ದಿನವೂ ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಕಾಂಪೌಂಡಿನ ಗೋಡೆಗೆ ಎಡಗಾಲಿನ ನೂರು ಒದೆತ ನಡೆಯುತ್ತದೆ. ಪಕ್ಕದ ಮನೆಯವರು ಎರಡು ಸಲ ಬಂದು ಸದ್ದಿನ ಬಗ್ಗೆ ಹೇಳಿ ಹೋಗಿದ್ದಾರೆ. ಮೂರನೆಯ ಸಲ ಅವರ ಮಗಳು ಒಬ್ಬಳೇ ಬಂದು, ತಾನೂ ಒದೆಯಬಹುದೇ ಎಂದು ಕೇಳಿದಳು.